ಮತ್ತೆ ಪೆನ್ನು, ಜಲವರ್ಣ ಹಿಡಿಯುವವರಿಗೆ ನಮ್ಮ ಅನುಭವ

ಕೊಪ್ಪಳದಿಂದ ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಪೆನ್ನಿನಲ್ಲಿ ಗುಡಿ, ಬಂಡೆ ಬಿಡಿಸಿ ಜಲವರ್ಣ ಹಾಕುತ್ತಿದ್ದೆ. ಮದುವೆ, ಕೆಲಸ, ಮಕ್ಕಳು ಅಂತ ಎಲ್ಲ ಬಿಟ್ಟುಹೋಯಿತು. ಈಗ ಮತ್ತೆ ಶುರು ಮಾಡುವ ಆಸೆ. ಹಳೆಯ ಟ್ಯೂಬುಗಳು ಕಲ್ಲಾಗಿವೆ, ಕೈಯೂ ಬಿಗಿಯಾಗಿದೆ. ಏನು ಕೊಳ್ಳಲಿ, ಎಲ್ಲಿಂದ ಶುರು ಮಾಡಲಿ?

ಗಂಗಾವತಿಯಿಂದ:

ಅಕ್ಕ, ಮೊದಲು ಆ ಟ್ಯೂಬುಗಳನ್ನು ಎಸೆಯಬೇಡಿ. ಜಲವರ್ಣದಲ್ಲಿ ಬಣ್ಣವನ್ನು ಹಿಡಿದಿಡುವುದು ಗೋಂದು. ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಟ್ಯೂಬನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿನ ಗಟ್ಟಿಯನ್ನು ಪ್ಯಾಲೆಟ್ಟಿಗೆ ಹಾಕಿ, ಒಂದೆರಡು ಹನಿ ನೀರು ಬಿಟ್ಟು ಇಡಿ. ಬೂಸ್ಟು ಹಿಡಿದಿದ್ದರೆ ಮಾತ್ರ ಬೇಡ. ನಡುವೆ ಅಕ್ರಿಲಿಕ್ ಟ್ಯೂಬು ಸೇರಿದ್ದರೆ ಅದು ಕರಗುವುದಿಲ್ಲ, ಬಿಟ್ಟುಬಿಡಿ.

ರೊಕ್ಕ ಹಾಕುವುದಿದ್ದರೆ ಕಾಗದಕ್ಕೆ ಹಾಕಿ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಲಿ. ತೆಳು ಹಾಳೆಗೆ ನೀರು ಬಿದ್ದರೆ ಅಲ್ಲಲ್ಲಿ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಹತ್ತಿಯ ಕಾಗದ ದುಬಾರಿ ನಿಜ, ಆದರೆ ಜಾಸ್ತಿ ಹೊತ್ತು ಹಸಿಯಾಗಿರುತ್ತದೆ. ನಮ್ಮ ಕಡೆ ಇದೇ ದೊಡ್ಡ ವಿಷಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಆಕಾಶದ ಬಣ್ಣವನ್ನು ಎಡದಿಂದ ಬಲಕ್ಕೆ ತರುವಷ್ಟರಲ್ಲಿ ಎಡಗಡೆ ಒಣಗಿ ಅಂಚು ಬಿದ್ದಿರುತ್ತದೆ. ತಂಪು ದೇಶದವರು ವಿಡಿಯೋದಲ್ಲಿ ಹಸಿ ಹಾಳೆಯ ಮೇಲೆ ಬಣ್ಣ ಹರಿಸುವುದು ನೋಡಿ, ನನಗೆ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಹಾಳೆಯ ಹಿಂಬದಿಗೂ ನೀರು ಹಚ್ಚಿ, ಬೆಳಿಗ್ಗೆ ಹೊತ್ತು ಕೂತುಕೊಳ್ಳಿ, ಫ್ಯಾನು ಆರಿಸಿ.

ಅದೇ ಬಿಸಿಲು ಪೆನ್ನಿನವರಿಗೆ ಒಳ್ಳೆಯದು. ಇಂಕು ಬೇಗ ಒಣಗುತ್ತದೆ. ಒಂದು ತೆಳು ಪದರದ ಮೇಲೆ ಇನ್ನೊಂದನ್ನು ಕಾಯದೆ ಹಾಕಬಹುದು. ಹಾಗಾಗಿ ನನ್ನ ಮಾತು ಇಷ್ಟೇ: ಗೆರೆಗೆ ಹೆಚ್ಚು ಕೆಲಸ ಕೊಡಿ, ಬಣ್ಣ ಸ್ವಲ್ಪವೇ ಇರಲಿ. ನಮ್ಮ ನೆಲಕ್ಕೂ ಅದೇ ಒಪ್ಪುತ್ತದೆ. ಆನೆಗೊಂದಿಯ ಬಂಡೆಗಳನ್ನೇ ನೋಡಿ. ಎಲ್ಲ ಅಂಚನ್ನೂ ಎಳೆಯಬೇಕಿಲ್ಲ. ಬಿಸಿಲು ಬಿದ್ದ ಕಡೆ ಗೆರೆ ನಿಲ್ಲಿಸಿ, ಬಂಡೆ ಬಂಡೆಗೆ ತಾಗುವ ಸಂದಿಯಲ್ಲಿ ದಪ್ಪ ಮಾಡಿ. ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಪು ಕಂದು ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ. ಆ ನೀಲಿಯ ಕಣಗಳು ಕಾಗದದ ತಗ್ಗಿನಲ್ಲಿ ಕೂತು, ಗ್ರಾನೈಟಿನ ಒರಟು ತಾನಾಗೇ ಕಾಣುತ್ತದೆ. ಇದನ್ನು ನೋಡುವಾಗ ನನಗೆ ಈಗಲೂ ಖುಷಿ.

ಪೆನ್ನು ಪಿಗ್ಮೆಂಟ್ ಇಂಕಿನ ವಾಟರ್‌ಪ್ರೂಫ್ ಫೈನ್‌ಲೈನರ್ (ತೆಳು ಗೆರೆಯ ಪೆನ್ನು) ಆಗಿರಲಿ, 0.3 ಮಿ.ಮೀ. ತುದಿ ಸಾಕು. ಮಾಮೂಲಿ ಫೌಂಟನ್ ಪೆನ್ನಿನ ಇಂಕು ಬಹಳಷ್ಟು ಸಲ ನೀರಿಗೆ ಹರಡುತ್ತದೆ. ಯಾವುದೇ ಇಂಕಾದರೂ ಮೊದಲು ತುಂಡು ಹಾಳೆಯಲ್ಲಿ ಎಳೆದು, ಒಣಗಿಸಿ, ಒದ್ದೆ ಬ್ರಷ್ ಆಡಿಸಿ ನೋಡಿ. ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ, ಕಟ್ಟಿಕೊಳ್ಳುತ್ತದೆ. ಅದಕ್ಕೆ ಅದ್ದಿ ಬರೆಯುವ ನಿಬ್ಬೇ ಸರಿ.

ರಾಯಚೂರಿನಿಂದ:

ಅಕ್ಕಾರೆ, ಕೈ ಬಿಗಿ ಬಿಡಬೇಕಾದರೆ ಪೆನ್ಸಿಲ್, ರಬ್ಬರ್ ಕೆಲ ದಿನ ಎತ್ತಿಡಿ. ನೇರ ಪೆನ್ನಿನಲ್ಲೇ ಬಿಡಿಸಿ. ಗೆರೆ ತಪ್ಪಿದರೆ ಪಕ್ಕದಲ್ಲೇ ಇನ್ನೊಂದು ಎಳೆಯಿರಿ, ಎರಡೂ ಇರಲಿ. ಚೊಂಬು, ಬುಟ್ಟಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಏನಾದರೂ ಆದೀತು. ನಮ್ಮ ಕೋಟೆಗೆ ಬಂದರೆ 1294ರ ಶಾಸನವಿರುವ ಉದ್ದನೆಯ ಕಲ್ಲು ನೋಡಿ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಎಳೆದು ತರುವ ದೃಶ್ಯವನ್ನು ಗೋಡೆಯ ಮೇಲೆ ಗೆರೆಯಲ್ಲೇ ಕೆತ್ತಿದ್ದಾರೆ. ನೆರಳಿಲ್ಲ, ಬಣ್ಣವಿಲ್ಲ, ಆದರೂ ಎಳೆತದ ಭಾರ ಗೊತ್ತಾಗುತ್ತದೆ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರಗಳನ್ನೂ ಹುಡುಕಿ ನೋಡಿ. ಎಷ್ಟು ಕಡಿಮೆ ಗೆರೆ ಸಾಕು ಅಂತ ಕಣ್ಣಿಗೆ ತಿಳಿಯುತ್ತದೆ.

ಬಳ್ಳಾರಿಯಿಂದ:

ಗಂಗಾವತಿಯವರ ಮಾತು ಒಪ್ಪುತ್ತೇನೆ, ಒಂದು ಬಿಟ್ಟು. ಪೆನ್ನಿನ ಜೊತೆಗೇ ಬರೀ ಒಂದೇ ಬಣ್ಣದಲ್ಲಿ, ಸೆಪಿಯಾ ಎಂಬ ಗಾಢ ಕಂದು ಆದೀತು, ಬೆಳಕು-ನೆರಳು ಹಾಕುವುದನ್ನೂ ರೂಢಿ ಮಾಡಿ. ಸಂಜೆ ಬಿಸಿಲಲ್ಲಿ ಕೋಟೆ ಗುಡ್ಡ ನೋಡಿದರೆ ಮೂರೇ ಛಾಯೆ ಸಾಕಾಗುತ್ತದೆ. ಇದು ಬರದೆ ಹನ್ನೆರಡು ಬಣ್ಣ ಇಟ್ಟುಕೊಂಡರೆ ಸುಮ್ನೆ ಗೊಂದಲ.

ಕಾಗದಕ್ಕೆ ಒಂದು ಉಪಾಯ. ಪುಸ್ತಕದ ಬದಲು 22×30 ಇಂಚಿನ ದೊಡ್ಡ ಹಾಳೆ ತರಿಸಿ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಮಾಡಿ ಹರಿದರೆ 5.5×7.5 ಇಂಚಿನ 16 ತುಂಡು ಸಿಗುತ್ತವೆ. ಹಾಳೆ ಚಿಕ್ಕದಾದಷ್ಟೂ ನಮ್ಮ ಬಿಸಿಲಿಗೆ ಒಣಗುವ ಮೊದಲೇ ಬಣ್ಣ ತುಂಬಿ ಮುಗಿಸಬಹುದು. ಕೆಟ್ಟರೆ ಹಿಂಬದಿಯಲ್ಲೂ ಬಿಡಿಸಬಹುದು.