ಚಿಕ್ಕಮ್ಮನ ಕಂಪ್ಯೂಟರ್, ಭಾವನ ಫಾರ್ವರ್ಡ್

ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಜಗಳ ಹತ್ತಿಕೊಳ್ಳಲು ಒಂದು ಫೋಟೋ ಸಾಕು. ಈ ಸಲ ಅದು ಲ್ಯಾಪ್‌ಟಾಪ್ ಜಾಹೀರಾತು. ಹಾಕಿದವರು ಭಾವ, ಚಿಕ್ಕಮ್ಮನಿಗಾಗಿ. ಚಿಕ್ಕಮ್ಮ 2009ರಿಂದ ಸೆಕೆಂಡ್ ಲೈಫ್‌ನಲ್ಲಿದ್ದಾರೆ. ಅದು ಇಂಟರ್ನೆಟ್ಟಿನಲ್ಲಿರೋ ಒಂದು 3ಡಿ ಲೋಕ. ಅಲ್ಲಿ ಅವರು ಮನೆ ಕಟ್ಟುತ್ತಾರೆ, ಲೈವ್ ಹಾಡು ಕೇಳಲು ಹೋಗುತ್ತಾರೆ. ಅದನ್ನು ಯಾರಾದರೂ ಗೇಮ್ ಅಂದರೆ ಅವರಿಗೆ ಮೈ ಉರಿಯುತ್ತದೆ. ಹಿಂದಿನ ರಾತ್ರಿ ಅವರು ಕೇಳಿದ್ದು ಇಷ್ಟೇ: "ಹಳೇ ಕಂಪ್ಯೂಟರ್ ತೆವಳ್ತಿದೆ, ಯಾವುದು ತಗೊಳ್ಳಲಿ?"

ಚಾಟ್ ಹಾಗೇ ಇಳಿಸಿದ್ದೇನೆ. ಗುಡ್ ಮಾರ್ನಿಂಗ್ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.

ಭಾವ: ಚಿಕ್ಕಮ್ಮ, ಫೋಟೋ ನೋಡಿ. ಐ7 ಪ್ರೊಸೆಸರ್, 32 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ತಮ್ಮ: ಕಣ್ಣು ಮುಚ್ಚಿಕೊಂಡರೆ ಗ್ರಾಫಿಕ್ಸ್ ಹೇಗಿದ್ದರೂ ನಡೆಯುತ್ತೆ ಭಾವ.

ಭಾವ: ತಮಾಷೆ ಬೇಡ. 32 ಜಿಬಿ ಸಾಲದಾ?

ತಮ್ಮ: ರ‍್ಯಾಮ್ ಬೇರೆ, ಕಾರ್ಡಿನ ಮೆಮೊರಿ ಬೇರೆ. ಫೋಟೋದ ಕೆಳಗೆ ಸಣ್ಣ ಅಕ್ಷರ ಓದಿ. ಕಾರ್ಡಿಗೆ 4 ಜಿಬಿ ಅಷ್ಟೇ. ಐ7 ಅಂತ ದಪ್ಪಗೆ ಬರೆದಿದ್ದಾರೆ, ನಂಬರಿನ ಕೊನೇಲಿ ಯು ಇದೆ. ಅದು 15 ವ್ಯಾಟ್‌ನ ಚಿಪ್, ಬ್ಯಾಟರಿ ಉಳಿಸೋಕೆ ಮಾಡಿದ್ದು.

ಭಾವ: ಐ7 ಅಂದರೆ ಐ7.

ಅಕ್ಕ: ರೀ, ನಿಮ್ಮ ಲ್ಯಾಪ್‌ಟಾಪ್ ಕೂಡ ಐ7. ಎರಡು ಫೈಲ್ ತೆರೆದರೆ ಫ್ಯಾನ್ ಕೂಗೋಕೆ ಶುರು ಮಾಡುತ್ತೆ.

(ಇಲ್ಲಿ ಭಾವನ ಒಂದು ಮೆಸೇಜ್ ಡಿಲೀಟ್ ಆಯಿತು.)

ಚಿಕ್ಕಮ್ಮ: ಅಳಿಯಂದಿರೇ, ಕೋಪ ಬೇಡ. ಕಾರ್ಡಿಗೆ 4 ಜಿಬಿ ನನಗೆ ಸಾಲಲ್ಲ. ಈಗಿರೋದರಲ್ಲೂ ಅಷ್ಟೇ ಇದೆ. ಗೋಡೆ ಮೇಲಿನ ಚಿತ್ರ ತಿಳಿಯಾಗಿ ಬರುತ್ತೆ, ಆ ಕಡೆ ತಿರುಗಿ ಈ ಕಡೆ ನೋಡೋದರಲ್ಲಿ ಮತ್ತೆ ಮಸುಕು.

ಭಾವ: ದೊಡ್ಡ ದೊಡ್ಡ ಗೇಮ್‌ಗಳೇ 4 ಜಿಬಿಯಲ್ಲಿ ಓಡುತ್ತವೆ ಚಿಕ್ಕಮ್ಮ.

ಚಿಕ್ಕಮ್ಮ: ಗೇಮ್ ಮಾಡೋರು ಒಂದೊಂದು ಕಲ್ಲನ್ನೂ ಅಳೆದು ಇಡ್ತಾರೆ. ನಮ್ಮಲ್ಲಿ ಮನೆ, ಮರ, ಬಟ್ಟೆ ಎಲ್ಲಾ ಅಲ್ಲಿ ಇರೋರೇ ಮಾಡಿ ಏರಿಸೋದು. ಒಬ್ಬಳು ಕಿವಿಯೋಲೆಗೆ 1024ಕ್ಕೆ 1024 ಪಿಕ್ಸೆಲ್ ಚಿತ್ರ ಹಾಕಿರ್ತಾಳೆ. ಬೆರಳಿನ ಉಗುರಿಗೆ ಇನ್ನೊಂದು. ಯಾರು ಕೇಳ್ತಾರೆ?

ನಾನು: ಅಂಥ ಒಂದು ಚಿತ್ರ ಕಾರ್ಡಿನೊಳಗೆ ಬಿಚ್ಚಿಕೊಂಡರೆ ಸುಮಾರು 4 ಎಂಬಿ. 500 ಚಿತ್ರ ಅಂದರೆ 2 ಜಿಬಿ. ಒಂದು ಅಂಗಡಿ ಬೀದಿಯಲ್ಲಿ 500 ಚಿತ್ರ ಏನೂ ಅಲ್ಲ. ಜಾಹೀರಾತಿನಲ್ಲಿ ನಾನು ಮೊದಲು ಹುಡುಕೋದು ಕಾರ್ಡಿನ ಮೆಮೊರಿ ಎಷ್ಟು ಅನ್ನೋ ಸಾಲನ್ನೇ.

ತಮ್ಮ: ಅದಕ್ಕೇ ಹೇಳೋದು, ಆರ್‌ಟಿಎಕ್ಸ್ 4060 ತಗೊಳ್ಳಿ. 2023ರದ್ದು, 8 ಜಿಬಿ, ಕರೆಂಟೂ ಕಡಿಮೆ ತಿನ್ನುತ್ತೆ.

ನಾನು: 2021ರ 3060ಗೆ 12 ಜಿಬಿ ಇದೆ. ಚಿಕ್ಕಮ್ಮನ ಕೆಲಸಕ್ಕೆ ಅದೇ ವಾಸಿ.

ತಮ್ಮ: ಹಳೇ ಕಾರ್ಡ್ ಯಾಕೆ? 4060 ಜಾಸ್ತಿ ಸ್ಪೀಡು.

ನಾನು: ಮೆಮೊರಿ ತುಂಬಿದ ಮೇಲೆ ಸ್ಪೀಡು ಇಟ್ಟುಕೊಂಡು ಏನು ಮಾಡೋದು?

(ನಮ್ಮಿಬ್ಬರ ಮಧ್ಯೆ ಇನ್ನೂ ಹದಿನೆಂಟು ಮೆಸೇಜ್ ಹೋದವು. ಯಾರಿಗೂ ಬೇಡ, ಬಿಟ್ಟಿದ್ದೇನೆ.)

ಅಕ್ಕ: ಮ್ಯಾಕ್ ತಗೊಂಡರೆ ಆಗಲ್ವಾ? ನೋಡೋಕೂ ಚೆನ್ನಾಗಿರುತ್ತೆ.

ತಮ್ಮ: ಓಡುತ್ತೆ ಅಕ್ಕ. ಆದರೆ ಸೆಕೆಂಡ್ ಲೈಫ್ ಚಿತ್ರ ಬಿಡಿಸೋದು ಓಪನ್‌ಜಿಎಲ್‌ನಲ್ಲಿ, ಅಂದರೆ ಪ್ರೋಗ್ರಾಮ್ ಕಾರ್ಡಿನ ಜೊತೆ ಮಾತಾಡೋ ಒಂದು ಭಾಷೆಯಲ್ಲಿ. ಆಪಲ್ 2018ರಲ್ಲೇ ಅದಕ್ಕೆ ಹಳೇ ಸಾಮಾನು ಅಂತ ಚೀಟಿ ಅಂಟಿಸಿಬಿಟ್ಟಿದೆ. ಹೊಸದಾಗಿ ದುಡ್ಡು ಹಾಕುವಾಗ ಆ ದಾರಿ ಯಾಕೆ?

ಭಾವ: ಸರಿ, 4060 ಇರೋ ಲ್ಯಾಪ್‌ಟಾಪ್ ಹುಡುಕುತ್ತೇನೆ. ಹೊತ್ತುಕೊಂಡು ಹೋಗಬಹುದು.

ತಮ್ಮ: ಲ್ಯಾಪ್‌ಟಾಪಿನ 4060 ಅಂದರೆ ಒಂದೇ ಅಲ್ಲ ಭಾವ. ಕಂಪನಿ ಅದಕ್ಕೆ 35 ವ್ಯಾಟ್ ಕೊಟ್ಟಿರಬಹುದು, 115 ಕೊಟ್ಟಿರಬಹುದು. ಹೆಸರು ಒಂದೇ, ಕೆಲಸ ಬೇರೆ ಬೇರೆ. ಜಾಹೀರಾತಲ್ಲಿ ಎಷ್ಟೋ ಸಲ ಅದನ್ನು ಹಾಕೋದೇ ಇಲ್ಲ.

ಚಿಕ್ಕಮ್ಮ: ನಾನು ಹೊತ್ತುಕೊಂಡು ಎಲ್ಲಿಗೆ ಹೋಗಲಿ? ಹೋಗೋದೆಲ್ಲ ಕುರ್ಚಿ ಮೇಲೆ ಕೂತೇ.

ಇದಕ್ಕೆ ಭಾವನ ಹತ್ತಿರ ಉತ್ತರ ಇರಲಿಲ್ಲ. ನೀಲಿ ಟಿಕ್ ಬಿತ್ತು, ಅಷ್ಟೇ.

ಅಲ್ಲಿಯವರೆಗೆ ನಾವೆಲ್ಲ ಕಾರ್ಡಿನ ಹಿಂದೆಯೇ ಬಿದ್ದಿದ್ದೆವು. ಚಿಕ್ಕಮ್ಮ ಅಲ್ಲಿ ಏನು ಮಾಡುವಾಗ ಕಂಪ್ಯೂಟರ್ ತೆವಳುತ್ತದೆ ಅಂತ ಒಬ್ಬರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಅದು ನಾಚಿಕೆಯ ವಿಷಯ. ಭಾನುವಾರ ಅವರು ತಮ್ಮನ ಮನೆಗೆ ಹೋಗಿ, ಅವನ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗಿ ಕೂತರು. ಅವನ ಹತ್ತಿರ ಇರುವುದು 4060. ಅವನು ಅದನ್ನೇ ಯಾಕೆ ಹೊಗಳುತ್ತಿದ್ದ ಅಂತ ಆಗ ಗೊತ್ತಾಯಿತು.

ಚಿಕ್ಕಮ್ಮ: ರಿಪೋರ್ಟ್ ಕೇಳಿ. ನನ್ನ ಖಾಲಿ ಮನೆಯಲ್ಲಿ, 256 ಮೀಟರ್ ದೂರದವರೆಗೆ ಕಾಣೋ ಹಾಗೆ ಇಟ್ಟು, ಸೆಕೆಂಡಿಗೆ 90 ಫ್ರೇಮ್, ಅಂದರೆ 90 ಚಿತ್ರ. ಜಾಸ್ತಿ ಇದ್ದಷ್ಟೂ ತೆವಳಲ್ಲ. ಹಾಡಿನ ಜಾಗಕ್ಕೆ ಹೋದೆ, 38 ಜನ ಇದ್ದರು. 19ಕ್ಕೆ ಇಳೀತು.

ಭಾವ: ನೋಡಿದ್ರಾ! 4060 ಸೋತಿತು.

ಚಿಕ್ಕಮ್ಮ: ತಡೀರಿ. ವಿಂಡೋ ಅರ್ಧ ಚಿಕ್ಕದು ಮಾಡಿದೆ. ಕಾರ್ಡಿಗೆ ಕಷ್ಟ ಆಗಿದ್ದರೆ ಫ್ರೇಮ್ ಏರಬೇಕಿತ್ತು. ಏರಲಿಲ್ಲ, ಅದೇ 19.

ತಮ್ಮ: ಅಂದರೆ ಕಾರ್ಡ್ ಸುಮ್ನೆ ಕೂತಿತ್ತು. ಸುಸ್ತಾಗಿದ್ದು ಪ್ರೊಸೆಸರ್.

ನಾನು: ಹೌದು. ಒಬ್ಬೊಬ್ಬರ ಮೈಮೇಲೆ ಕೂದಲು, ಶೂ, ಬಳೆ ಅಂತ ಹತ್ತಾರು ಸಾಮಾನು. ಒಂದೊಂದನ್ನೂ ಬಿಡಿಸು ಅಂತ ಕಾರ್ಡಿಗೆ ಹೇಳಬೇಕಾದ್ದು ಪ್ರೊಸೆಸರ್. ಆ ಕೆಲಸದಲ್ಲಿ ಬಹುಪಾಲು ಪ್ರೊಸೆಸರ್ ಒಳಗಿನ ಒಂದೇ ಕೋರ್, ಅಂದರೆ ಒಬ್ಬನೇ ಕೆಲಸಗಾರನ ಮೇಲೆ ಬೀಳುತ್ತೆ. 16 ಕೋರ್ ಇದ್ದರೂ ಮಿಕ್ಕವು ನೋಡ್ತಾ ನಿಂತಿರುತ್ತವೆ.

ಭಾವ: ಹಾಗಾದರೆ ಜಾಸ್ತಿ ಕೋರ್ ಬೇಡ್ವಾ?

ನಾನು: ಒಂದು ಕೋರ್ ಜೋರಾಗಿ ಓಡಬೇಕು ಭಾವ. ಐ9 ಬೇಕಿಲ್ಲ. ಹೊಸ ತಲೆಮಾರಿನ ಐ5 ಆದರೂ ನಡೆಯುತ್ತೆ.

ಚಿಕ್ಕಮ್ಮ: ನೆರಳು ಆಫ್ ಮಾಡಿದೆ, 34 ಆಯ್ತು. ಪೂರ್ತಿ ಬಿಡಿಸೋ ಜನರ ಸಂಖ್ಯೆ 12ಕ್ಕೆ ಇಳಿಸಿದೆ, 55. ಮಿಕ್ಕವರು ದೂರದಲ್ಲಿ ಚಪ್ಪಟೆ ಚಿತ್ರದ ಹಾಗೆ ನಿಂತರು. ಹಾಡೋಳು ಮಾತ್ರ ಚೆನ್ನಾಗಿ ಕಂಡಳು, ನನಗೆ ಅಷ್ಟು ಸಾಕು.

ಅಕ್ಕ: ಸೆಟ್ಟಿಂಗ್ ಬದಲಾಯಿಸಿದರೆ ಆಗೋ ಹಾಗಿದ್ದರೆ ಹೊಸದು ಯಾಕೆ ಚಿಕ್ಕಮ್ಮ?

ಚಿಕ್ಕಮ್ಮ: ಹಳೇದರಲ್ಲಿ ಇಷ್ಟೆಲ್ಲಾ ಇಳಿಸಿದರೂ 11 ದಾಟಲ್ಲ ಪುಟ್ಟಿ. ದೊಡ್ಡ ಅಂಗಡಿಗೂ ಹೋಗಿ ಬಂದೆ. ಅಲ್ಲಿ ಇವನ 8 ಜಿಬಿ ತುಂಬಿ, ಚಿತ್ರ ಮಸುಕಾಗೋಕೆ ಶುರುವಾಯ್ತು.

ನಾನು: ತಮ್ಮಾ, ಓದಿದೆಯಾ?

ತಮ್ಮ: ನೆಟ್ ನಿಧಾನ ಇತ್ತು.

ಚಿಕ್ಕಮ್ಮ: ನೆಟ್ ಅಲ್ಲಪ್ಪ. ಮೆಮೊರಿ ಮೀಟರ್ ಕಣ್ಣಮುಂದೇ ಇತ್ತು. ನೀನೂ ಪಕ್ಕದಲ್ಲೇ ಕೂತಿದ್ದೆ.

ತಮ್ಮ: ನಾನು ಆಗ ಫೋನ್ ನೋಡ್ತಿದ್ದೆ.

ಮಂಗಳವಾರ ಚಿಕ್ಕಮ್ಮ ಪಟ್ಟಿ ಹಾಕಿದರು. ಡೆಸ್ಕ್‌ಟಾಪ್. ಒಂದು ಕೋರಿನ ವೇಗ ಜಾಸ್ತಿ ಇರುವ 6 ಕೋರಿನ ಪ್ರೊಸೆಸರ್. 12 ಜಿಬಿ ಕಾರ್ಡ್. 8 ಜಿಬಿಯ ಎರಡು ರ‍್ಯಾಮ್, ಮುಂದೆ ಸೇರಿಸಲು ಎರಡು ಜಾಗ ಖಾಲಿ. ಒಮ್ಮೆ ಇಳಿಸಿದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆಯಬೇಕಲ್ಲ, ಅದಕ್ಕೆ ಎಸ್‌ಎಸ್‌ಡಿ. ನೆಟ್‌ಗೆ ವೈಫೈ ಬಿಟ್ಟು ಕೇಬಲ್.

ಭಾವ: 32 ಜಿಬಿ ಹಾಕಿಸಬಹುದಿತ್ತು.

ಚಿಕ್ಕಮ್ಮ: ಜಾಗ ಬಿಟ್ಟಿದ್ದೀನಲ್ಲ ಅಳಿಯಂದಿರೇ. ನಿಮಗೋಸ್ಕರವೇ.

ತಮ್ಮ: ಭಾವ, ಒಂದು ಕೆಲಸ ಮಾಡಿ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ನಿಮ್ಮ ಪ್ರೋಗ್ರಾಮ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಿದ್ದೀರಾ?

ಭಾವ: ಅದೆಲ್ಲಿದೆ?

ತಮ್ಮ: ಹಾಗಾದರೆ ಇಷ್ಟು ದಿನ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್ ಮೇಲೇ ಓಡ್ತಿರಬಹುದು. ಕಾರ್ಡ್‌ಗೆ ಕೆಲಸವೇ ಇರಲಿಲ್ಲ ಅಂತ ಕಾಣುತ್ತೆ.

ಅಕ್ಕ: ಅಯ್ಯೋ.

ಹತ್ತು ನಿಮಿಷ ಗ್ರೂಪ್‌ನಲ್ಲಿ ಸದ್ದಿಲ್ಲ.

ಭಾವ: ಚಿಕ್ಕಮ್ಮ, ನಿಮ್ಮ ಹಳೇ ಕಂಪ್ಯೂಟರ್ ಏನು ಮಾಡ್ತೀರಿ?

ಅಕ್ಕ: ರೀ, ಬೇಡ.