ಕೆಂಪು ಗಾಜಿನ ದೀಪ, ರಿಪೇರಿ ಆಗಿದೆ: ಬೆಲೆ ಇದೆಯಾ?

ಪ್ರಶ್ನೆ (ಚಾಮರಾಜಪೇಟೆಯಿಂದ):
ನಮಸ್ಕಾರ ಸರ್. ಅಜ್ಜಿ ಮನೆ ಖಾಲಿ ಮಾಡುತ್ತಿದ್ದೇವೆ. ಮೇಜಿನ ಮೇಲೆ ಇಡುವ ಸೀಮೆಎಣ್ಣೆ ದೀಪ ಒಂದು ಸಿಕ್ಕಿತು. ಎಣ್ಣೆ ಬುಡ್ಡಿ ಕೆಂಪು ಗಾಜು, ಅದರ ಮೇಲೆ ಬಳ್ಳಿ ಕೆತ್ತಿದೆ. ಬೆಲ್ಜಿಯಂ ಗ್ಲಾಸ್ ಅಂತ ಅಜ್ಜಿ ಹೇಳುತ್ತಿದ್ದರು. ಬಾಯಿ ಹತ್ತಿರ ಹಿತ್ತಾಳೆ ಪಟ್ಟಿಗೆ ಬಿಳಿ ಗಾರೆ ಥರ ಏನೋ ತುಂಬಿದ್ದಾರೆ, ಪಕ್ಕದಲ್ಲಿ ವೈರ್ ಹೋಗುವಷ್ಟು ತೂತು ಇದೆ, ಒಂದು ಬಿರುಕಿಗೆ ಹಳದಿ ಅಂಟು ಮೆತ್ತಿದ್ದಾರೆ. ಜೊತೆಗೆ ಗಾಜಿನ ಪನ್ನೀರುದಾನಿ, ಕತ್ತು ಮುರಿದಾಗ ಬೆಳ್ಳಿ ಕಟ್ಟಿಸಿದ್ದಾರೆ. ನೋಡಲು ಬಂದವರೊಬ್ಬರು "ರಿಪೇರಿ ಮಾಲು, ಎರಡೂ ಸೇರಿ 3,000" ಅಂದರು. ಅಂಟು ಕಿತ್ತು ತೊಳೆದು ತೋರಿಸಿದರೆ ಜಾಸ್ತಿ ಸಿಗುತ್ತಾ?

ಉತ್ತರ:
ಮೇಡಂ, ದಯವಿಟ್ಟು ತೊಳೆಯಬೇಡಿ, ಅಂಟಿಗೂ ಕೈ ಹಾಕಬೇಡಿ. ಆ ಬಿಳಿ ಗಾರೆ ರಿಪೇರಿಯೇ ಅಲ್ಲ. ಹಿತ್ತಾಳೆ ಪಟ್ಟಿಯನ್ನು ಗಾಜಿಗೆ ಕೂರಿಸಲು ದೀಪ ಮಾಡಿದವರೇ ಪ್ಲಾಸ್ಟರ್ ಹಾಕುತ್ತಿದ್ದರು. ನೀರಲ್ಲಿ ನೆನೆಸಿದರೆ ಅದು ಮೆತ್ತಗಾಗಿ ಪಟ್ಟಿ ಬಿಟ್ಟುಕೊಳ್ಳುತ್ತದೆ. ಆಮೇಲೆ ನಿಜವಾಗಲೂ ರಿಪೇರಿ ಮಾಡಿಸಬೇಕಾಗುತ್ತದೆ.

ತೂತಿನ ಕಥೆ ಬೇರೆ. ಬೆಂಗಳೂರಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1905ರಲ್ಲಿ. ಅದಾದ ಮೇಲೆ ಮನೆಮನೆಗೆ ವೈರಿಂಗ್ ಆಗುತ್ತಾ ಹೋದ ಹಾಗೆ ಇಂಥ ದೀಪಗಳನ್ನು ಕೊರೆದು ಬಲ್ಬ್ ಹಾಕಿಸಿದರು. ಬೆಲೆಗೆ ದೊಡ್ಡ ಪೆಟ್ಟು ಅದೇ, ಯಾಕಂದರೆ ಆ ಬುಡ್ಡಿಯಲ್ಲಿ ಇನ್ನು ಎಣ್ಣೆ ನಿಲ್ಲುವುದಿಲ್ಲ. ತೂತು ಇಲ್ಲದ ದೀಪದ ಅರ್ಧ ಬೆಲೆಯನ್ನೂ ನಾನು ಇದಕ್ಕೆ ಕಟ್ಟುವುದಿಲ್ಲ.

ಬೆಲ್ಜಿಯಂ ಅನ್ನುವುದನ್ನು ಸದ್ಯಕ್ಕೆ ಬದಿಗಿಡಿ. ನಮ್ಮ ಕಡೆ ಒಳ್ಳೆಯ ಗಾಜಿಗೆಲ್ಲ ಬೆಲ್ಜಿಯಂ ಅಂತಲೇ ಹೆಸರು. ಕೆಂಪು ಗಾಜು ಬೊಹೀಮಿಯಾದಿಂದಲೂ, ಅಂದರೆ ಈಗಿನ ಚೆಕ್ ದೇಶದಿಂದಲೂ, ಬಹಳ ಬಂದಿದೆ. ಕೆತ್ತಿದ ಗೆರೆಯೊಳಗೆ ಗಾಜು ಬಿಳಿಯಾಗಿ ಕಾಣುತ್ತಿದೆಯಾ ನೋಡಿ. ಕಂಡರೆ ಕೆಂಪು ಮೇಲಿನ ಪದರ ಮಾತ್ರ, ಗಾಜು ಪೂರ್ತಿ ಕೆಂಪಲ್ಲ. ಬತ್ತಿ ಏರಿಸುವ ಗುಂಡಿಯ ಮೇಲೆ ಹೆಸರಿದ್ದರೆ ಅದನ್ನೂ ಬರೆದು ಕಳಿಸಿ. ಆದರೆ ಬತ್ತಿ ಕೂರುವ ಬರ್ನರ್ ಬದಲಾಯಿಸುವುದು ಸುಲಭ, ಆ ಹೆಸರು ಗಾಜಿನ ಕಾಲ ಹೇಳುವುದಿಲ್ಲ.

ಇನ್ನೊಂದು: ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಯಾವುದಾದರೂ ಅಂಗಡಿಯಲ್ಲಿ ಸಿಗುತ್ತೆ. ಕತ್ತಲೆ ಕೋಣೆಯಲ್ಲಿ ಬಿರುಕಿನ ಮೇಲೆ ಬಿಡಿ, ಯಾವ ಅಂಟು ಅನ್ನುವುದರ ಸುಳಿವು ಅದು ಹೊಳೆಯುವ ಬಣ್ಣದಲ್ಲಿ ಸಿಗುತ್ತದೆ.

ಮತ್ತೊಬ್ಬ ಸದಸ್ಯರು:
ಅಂಟು ಹಳದಿ ತಿರುಗಿದೆ ಅಂದರೆ ಅದೂ ಹಳೇದೇ ಅಲ್ವಾ ಸರ್?

ಉತ್ತರ:
ಹಾಗೆ ಹೇಳಲಾಗದು. ಎಪಾಕ್ಸಿ, ಅಂದರೆ ಎರಡು ಟ್ಯೂಬ್ ಬೆರೆಸಿ ಹಚ್ಚುವ ಅಂಟು, ಮಾರುಕಟ್ಟೆಗೆ ಬಂದದ್ದೇ 1940ರ ದಶಕದಲ್ಲಿ, ಬಿಸಿಲು ಬಿದ್ದರೆ ಕೆಲವೇ ವರ್ಷಕ್ಕೆ ಹಳದಿ ಆಗುತ್ತದೆ. ಟಾರ್ಚಿನಲ್ಲಿ ಅದು ಸಾಮಾನ್ಯವಾಗಿ ಹಾಲು ಬಿಳುಪಾಗಿ ಹೊಳೆಯುತ್ತದೆ. ಹಿಂದಿನವರು ಬಳಸುತ್ತಿದ್ದ ಅರಗಾದರೆ ಕಿತ್ತಳೆ ಬಣ್ಣ ಬರುತ್ತದೆ. ಅರಗು ಕಂಡರೆ ನನಗೆ ಖುಷಿ, ದೀಪ ಬಳಸುತ್ತಿದ್ದ ಮನೆಯಲ್ಲೇ ಯಾರೋ ಅದನ್ನು ಉಳಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಬಿರುಕು ಬೆಳ್ಳಗೆ ಹೊಳೆಯಿತು. ಕೆತ್ತಿದ ಗೆರೆ ಬಿಳಿಯೇ. ಪನ್ನೀರುದಾನಿಯ ಬೆಳ್ಳಿ ಹತ್ತಿರ ಏನೂ ಹೊಳೆಯಲಿಲ್ಲ. ಬೆಳ್ಳಿ ಬಿಚ್ಚಿಸಿ ನೋಡಲಾ?

ಉತ್ತರ:
ಬೇಡವೇ ಬೇಡ. ಇಷ್ಟು ಹೊತ್ತು ದೀಪದ ಮಾತಾಡಿದೆವು, ಆದರೆ ಚೆನ್ನಾದ ವಸ್ತು ಆ ಪನ್ನೀರುದಾನಿ. ಆ ಬೆಳ್ಳಿ ದೋಷ ಮುಚ್ಚಲು ಮೆತ್ತಿದ್ದಲ್ಲ, ಮದುವೆ ಮುಂಜಿಗೆ ಮತ್ತೆ ಬೇಕು ಅಂತ ದುಡ್ಡು ಕೊಟ್ಟು ಮಾಡಿಸಿದ ಕೆಲಸ. ಇಂಥ ರಿಪೇರಿಯನ್ನೇ ಹುಡುಕಿಕೊಂಡು ಬರುವವರು ಇದ್ದಾರೆ. ಬೆಳ್ಳಿ ಬಿಚ್ಚಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಮುರಿದ ಗಾಜು, ಒಂದಿಷ್ಟು ಗ್ರಾಂ ಬೆಳ್ಳಿ ಅಷ್ಟೇ. ಬೆಳ್ಳಿಗೆ ಪಾಲಿಶ್ ಕೂಡ ಹಾಕಬೇಡಿ. ಅದರ ಮೇಲೆ ಅಕ್ಕಸಾಲಿಯ ಗುರುತೋ ಮನೆಯವರ ಅಕ್ಷರವೋ ಇದ್ದರೆ ಹತ್ತಿರದಿಂದ ಫೋಟೋ ತೆಗೆಯಿರಿ.

ದೀಪವನ್ನು ಅಲಂಕಾರದ ವಸ್ತುವಾಗಿ ಕೊಡಿ, ತೂತು ಬಿರುಕು ಎರಡನ್ನೂ ಬಾಯಿ ಬಿಟ್ಟು ಹೇಳಿಯೇ ಕೊಡಿ. ಪನ್ನೀರುದಾನಿಯನ್ನು ಅದರ ಜೊತೆ ಸೇರಿಸಿ ಮಾರಬೇಡಿ. 3,000 ಅಂದವರು ಕಣ್ಣಿಟ್ಟಿದ್ದು ಬಹುಶಃ ಅದರ ಮೇಲೆಯೇ. ಮನೆಯಲ್ಲಿ ಜಾಗ ಇದ್ದರೆ ಅದನ್ನು ನೀವೇ ಇಟ್ಟುಕೊಳ್ಳಿ ಅನ್ನುತ್ತೇನೆ.