ಸಹಾಯ ಬೇಕು: ಕೆರೆಗೆ ಚರಂಡಿ ನೀರು, ಹಸಿರು ನ್ಯಾಯಮಂಡಳಿಗೆ (ಪರಿಸರದ ಕೇಸು ನೋಡೋ NGT) ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮೂರು ಬೆಂಗಳೂರು ಗ್ರಾಮಾಂತರದ ಕಡೆ. ಮೇಲ್ಗಡೆ ಲೇಔಟ್ ಆದಮೇಲೆ ಅದರ ಚರಂಡಿ ನೀರನ್ನ ರಾಜಕಾಲುವೆಗೆ ಬಿಟ್ಟಿದ್ದಾರೆ, ಅದು ಸೀದಾ ನಮ್ಮ ಕೆರೆಗೆ. ಕೋಡಿ ಹತ್ತಿರ ಮೊಣಕಾಲೆತ್ತರ ನೊರೆ. ತೂಬಿನ ಕೆಳಗಿನ ಬಾವೀಲಿ ಸೇದಿದರೆ ಕೊಡದೊಳಗೆ ಜಿಡ್ಡು ಅಂಟುತ್ತೆ, ಎಮ್ಮೆಗಳೂ ಮೂಸಿ ಹಿಂದೆ ಸರೀತಾವೆ.

ಅರ್ಜಿ ಹಿಡ್ಕೊಂಡು ಮೂರು ಕಚೇರಿ ಸುತ್ತಿದ್ದಾಯ್ತು. 'ನಮ್ಮ ವ್ಯಾಪ್ತಿಗೆ ಬರಲ್ಲ' ಅನ್ನೋದೊಂದೇ ಉತ್ತರ. 1974ರ ಜಲಮಾಲಿನ್ಯ ಕಾಯ್ದೆಯ 24ನೇ ಸೆಕ್ಷನ್ ನೋಡಿದರೆ ಹೀಗೆ ಹೊಲಸು ಬಿಡೋ ಹಾಗೇ ಇಲ್ಲ.

ನನ್ನ ತಲೆನೋವು ಗಡುವಿನದು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ಅರ್ಜಿ ಹಾಕೋಕೆ, ಪರಿಸರದ ತಕರಾರು ಬಗೆಹರಿಸೋ 14ನೇ ಸೆಕ್ಷನ್‌ಗೆ 6 ತಿಂಗಳು, ಪರಿಹಾರ, ಪುನಶ್ಚೇತನ ಕೇಳೋ 15ನೇ ಸೆಕ್ಷನ್‌ಗೆ 5 ವರ್ಷ. ನಮ್ಮಲ್ಲಿ ಶುರುವಾಗಿ ಎರಡು ವರ್ಷ ಆಯ್ತು. ಹಾಗಾದ್ರೆ 15ರಲ್ಲೇ ಹೋಗಬೇಕಾ? ದಿನಾ ಬೀಳ್ತಿರೋ ಹೊಲಸಿಗೂ ಮೊದಲ ದಿನದಿಂದಲೇ ಲೆಕ್ಕಾನಾ?

ದಕ್ಷಿಣ ಪೀಠ ಇರೋದು ಚೆನ್ನೈನಲ್ಲಿ, ರಾಗಿ ಕೊಯ್ಲು ಬಿಟ್ಟು ಓಡಾಡೋಕಾಗಲ್ಲ. ವಕೀಲರಿಲ್ಲದೆ ಅರ್ಜಿ ಹಾಕಿದವರು ಇದ್ದೀರಾ? ನೀರಿನ ಸ್ಯಾಂಪಲ್ ನಾವೇ ಬಾಟ್ಲಿಗೆ ಹಿಡಿದು ಲ್ಯಾಬಿಗೆ ಕೊಟ್ಟರೆ ಒಪ್ತಾರಾ? ಫೋಟೋ, ಸರ್ವೆ ನಕ್ಷೆ ಎರಡೂ ನನ್ನತ್ರ ಇವೆ.